ಜೇವರ್ಗಿ ಸಸ್ತಾ, ಆಳಂದ ತುಟ್ಟಿ

ಮೊನ್ನೆ ಆಳಂದದ ಸಂತೆಯಲ್ಲಿ ದರ ಕೇಳದೆ ಉಳ್ಳಾಗಡ್ಡಿ ಕೊಂಡೆ. ಎರಡು ಕಿಲೋ ತೂಗು ಎಂದೆ, ಚೀಲದ ಬಾಯಿ ತೆರೆದೆ, ನೋಟು ಮುಂದೆ ಚಾಚಿದೆ. ಮಾರುವ ಹೆಣ್ಣುಮಗಳು ತಕ್ಕಡಿಯನ್ನು ಹಾಗೇ ಎತ್ತಿ ಹಿಡಿದುಕೊಂಡು ನನ್ನ ಮುಖ ನೋಡಿದಳು.

"ಯಾಕ್ರೀ ಕಂಡಕ್ಟರ್ ಸಾಹೇಬ್ರ, ಆರಾಮ ಇಲ್ಲೇನು? ಇವತ್ತ ಹೆಂಗ ಅಂತ ಕೇಳಲೇ ಇಲ್ಲ."

"ಆರಾಮ ಇದ್ದೇನವ್ವಾ," ಎಂದೆ.

"ಇಷ್ಟ ವರ್ಷ ಬರೇ ಕೇಳಿ ಕೇಳಿ ಹೋದ್ರಿ, ತಗೊಳ್ಳಿಲ್ಲ. ಇವತ್ತ ಕೇಳದೇ ತಗೊಂಡ್ರಿ. ಸೂರ್ಯಾ ಯಾವ ಕಡಿ ಹುಟ್ಯಾನೋ ಏನೋ!"

ಪಕ್ಕದಲ್ಲಿ ಬದನೆಕಾಯಿ ಹರವಿಕೊಂಡು ಕುಳಿತವಳು ಅವಳ ಮೊಳಕೈ ತಿವಿದಳು. ಏನೋ ನೆನಪಾದಂತೆ ಉಳ್ಳಾಗಡ್ಡಿಯವಳು ಬಾಯಿ ಮುಚ್ಚಿ, ತೂಗಿದ್ದರ ಮೇಲೆ ಎರಡು ಗಡ್ಡೆ ಹೆಚ್ಚಿಗೆ ಹಾಕಿದಳು. ಹೆಂಡತಿ ಸತ್ತವನಿಗೆ ಸಂತೆಯಲ್ಲಿ ಸಿಗುವ ಸಮಾಧಾನ ಅದು. ನಾನು ಬೇಡ ಅನ್ನಲಿಲ್ಲ.

ನಮ್ಮ ಕಡೆಯ ಮಾತು ತಿಳಿಯದವರಿಗೆ ಒಂದು ಸಂಗತಿ ಹೇಳಬೇಕು. ನಮ್ಮಲ್ಲಿ 'ಹೆಂಗ' ಅಂದರೆ 'ಹೇಗೆ' ಎಂದೂ ಆಗುತ್ತದೆ, 'ದರ ಎಷ್ಟು' ಎಂದೂ ಆಗುತ್ತದೆ. 'ಮೆಣಸಿನಕಾಯಿ ಹೆಂಗ?' ಎಂದು ಕೇಳಿದರೆ ಯಾರೂ 'ಖಾರ ಅದ' ಎಂದು ಹೇಳುವುದಿಲ್ಲ, ದರ ಹೇಳುತ್ತಾರೆ. 'ಅತ್ತಿಗಿ ಹೆಂಗ?' ಎಂದು ಕೇಳಿದರೆ ಮಾತ್ರ ದರ ಹೇಳುವುದಿಲ್ಲ. ಎಲ್ಲಿ ಯಾವುದು ಎಂಬುದು ನಮಗೆ ಹುಟ್ಟಿನಿಂದಲೇ ತಿಳಿದಿರುತ್ತದೆ. ನನ್ನ ಹೆಂಡತಿ ಗುರುಬಾಯಿಗೆ ಒಂದು ಸಲ, ಒಂದೇ ಒಂದು ಸಲ ತಿಳಿಯಲಿಲ್ಲ. ಅದರಿಂದಲೇ ನನ್ನ ಮದುವೆಯಾಯಿತು.

ತುರ್ತು ಪರಿಸ್ಥಿತಿ ಬರುವುದಕ್ಕೆ ಒಂದೆರಡು ವರ್ಷ ಮೊದಲಿನ ಮಾತು. ಕಂಡಕ್ಟರನ ಕೆಲಸ ಸಿಕ್ಕಿ ಆರು ತಿಂಗಳಾಗಿತ್ತು. ಕನ್ಯೆ ನೋಡಲು ಆಳಂದದಿಂದ ಜೇವರ್ಗಿಗೆ ನಾನು, ನಮ್ಮವ್ವ, ದೊಡ್ಡಪ್ಪ ಹೋಗಿದ್ದೆವು. ಹುಡುಗಿಯ ತಂದೆಯದು ಸಣ್ಣ ಕಿರಾಣಿ ಅಂಗಡಿ. ಮನೆಯ ಮುಂದಿನ ಖೋಲಿಯೇ ಅಂಗಡಿ, ಹಿಂದೆ ಸಂಸಾರ. ಹುಡುಗಿ ಚಿಕ್ಕವಳಿದ್ದಾಗಿನಿಂದ ಅಪ್ಪನ ಜೊತೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಬೆಳೆದವಳು. ಸೆರಗು ಹೊದ್ದು ಬಂದು ಚಾಪೆಯ ಮೇಲೆ ತಲೆ ತಗ್ಗಿಸಿ ಕುಳಿತಳು. ಮಾತಾಡಿಸಲೇಬೇಕಲ್ಲ ಎಂದು ದೊಡ್ಡಪ್ಪ ಗಂಟಲು ಸರಿಪಡಿಸಿಕೊಂಡು ಕೇಳಿದ:

"ಏನವ್ವಾ, ಜೇವರ್ಗ್ಯಾಗ ಹೆಂಗ?"

ಮಳೆ ಬೆಳೆ ಹೇಗೆ, ಊರು ಹೇಗೆ ಎಂದು ಅವನ ಮನಸ್ಸಿನಲ್ಲಿ. ಹುಡುಗಿ ತಲೆ ಎತ್ತದೆ, ತಡಮಾಡದೆ ಹೇಳಿದಳು:

"ಬೆಲ್ಲ ನಾಕಾಣಿ ಏರ್ಯಾದ್ರಿ. ತೊಗರಿಬ್ಯಾಳಿ ಇಳದದ. ಕಡ್ಲಿ ಹ್ವಾದ ವಾರದಂಗೇ ಅದ."

ಅವಳ ಅವ್ವ ಬಾಗಿಲ ಮರೆಯಲ್ಲಿ "ಅಯ್ಯ ನಮ್ಮವ್ವಾ!" ಎಂದು ಹಣೆ ಬಡಿದುಕೊಂಡದ್ದು ನಮಗೆಲ್ಲ ಕೇಳಿಸಿತು. ದೊಡ್ಡಪ್ಪ ತೊಡೆ ತಟ್ಟಿ ನಕ್ಕ. ನಕ್ಕು ನಕ್ಕು ಕೆಮ್ಮು ಬಂದು ನೀರು ಕುಡಿದ. "ಈ ಹುಡುಗಿ ನಮ್ಮನಿಗಿ ಬರ್ಲಿ. ಪ್ಯಾಟಿಗಿ ಹೋಗಿ ಮೋಸ ಹೋಗೋದರೆ ತಪ್ತದ," ಎಂದು ಅಲ್ಲೇ ಬೆಲ್ಲ ಹಂಚಿಸಿದ, ನಾಲ್ಕಾಣೆ ಏರಿದ ಬೆಲ್ಲವನ್ನೇ.

ಎಷ್ಟೋ ವರ್ಷಗಳ ಮೇಲೆ ಒಮ್ಮೆ ನಾನು ಅವಳನ್ನು ಕೆಣಕಿದ್ದೆ. "ಎಲ್ಲಾದ್ರ ದರ ಹೇಳ್ದಿ. ಅವತ್ತ ನನ್ನ ದರ ಹೆಂಗ ಅಂತ ತಿಳಕೊಂಡಿದ್ದಿ ಬೇ?"

"ಚೌಕಾಶಿ ಮಾಡದೇ ತಗೊಂಡಿದ್ದು ಒಂದೇ ಸಾಮಾನ್ರಿ ನೀವು," ಎಂದಳು. "ಅದಕ್ಕೇ ಹಿಂಗಾಗ್ಯದ."

ದೊಡ್ಡಪ್ಪ ಮೋಸ ಹೋಗುವ ಮಾತು ಆಡಿದ್ದು ಸುಮ್ಮನೆ ಅಲ್ಲ. ಅದು ನನ್ನ ಕುರಿತೇ. ಸಣ್ಣವನಿದ್ದಾಗ ಅವ್ವ ಎಂಟಾಣೆ ಕೈಯಲ್ಲಿಟ್ಟು ಪ್ಯಾಟೆಗೆ ಕಳಿಸಿದರೆ ನಾನು ಕೇಳಿದಷ್ಟು ಕೊಟ್ಟು ಬರುತ್ತಿದ್ದೆ. 'ಎಷ್ಟಕ್ಕ ತಂದಿ' ಎಂದರೆ ಮರೆತಿರುತ್ತಿದ್ದೆ. ಅವ್ವ ಬರೀ ದರ ಕೇಳಿಕೊಂಡು ಬರಲು ನನ್ನನ್ನು ಮತ್ತೊಮ್ಮೆ ಓಡಿಸುತ್ತಿದ್ದಳು. ಎರಡನೆಯ ಸಲ ಹೋದಾಗ ಅಂಗಡಿಯವನು ಬೇರೆ ದರ ಹೇಳುತ್ತಿದ್ದ. ಮನೆಗೆ ಬಂದು ಅದನ್ನು ಹೇಳಿದರೆ ಬೆನ್ನ ಮೇಲೆ ಒಂದು ಬೀಳುತ್ತಿತ್ತು. ತಪ್ಪು ದರ ಹೇಳಿ ಪೆಟ್ಟು ತಿಂದವನು ನಾನು. ಆಮೇಲೆ ಒಮ್ಮೆ ತಪ್ಪು ದರ ಹೇಳಿ ಪೆಟ್ಟು ತಿನ್ನದೆ ತಪ್ಪಿಸಿಕೊಂಡೆ. ಆ ಒಂದು ದರದ ಮಾತು ಹೇಳಲಿಕ್ಕೇ ಇದನ್ನು ಬರೆಯಲು ಕುಳಿತಿದ್ದೇನೆ. ಆದರೆ ನೇರ ಅಲ್ಲಿಗೆ ಹೋಗಲು ಧೈರ್ಯ ಸಾಲದು. ನನ್ನ ಬಸ್ಸಿನ ಹಾಗೆ ನಾಲ್ಕು ಹಳ್ಳಿ ಸುತ್ತಿ ಬರುತ್ತೇನೆ, ನೀವು ಸ್ವಲ್ಪ ಕುಳಿತಿರಿ.

ನನ್ನ ಗಾಡಿ ಆಳಂದದಿಂದ ಕಲಬುರ್ಗಿ ಮೇಲೆ ಜೇವರ್ಗಿಗೆ. ವಾರದಲ್ಲಿ ಎರಡು ದಿನ ಅಫಜಲಪುರದ ಪಾಳಿ. ಹೀಗಾಗಿ ನಾಲ್ಕು ಊರಿನ ಮಾರುಕಟ್ಟೆ ನನ್ನ ಕಣ್ಣ ಮುಂದೆ ಇರುತ್ತಿತ್ತು. ಮದುವೆಯಾಗಿ ಬಂದ ಮೊದಲ ವಾರವೇ ಗುರುಬಾಯಿ ಆಳಂದದ ಪ್ಯಾಟೆ ಸುತ್ತಿ ಬಂದು ತೀರ್ಪು ಕೊಟ್ಟಿದ್ದಳು: "ಜೇವರ್ಗಿ ಸಸ್ತಾ, ಆಳಂದ ತುಟ್ಟಿ." ಅಗ್ಗಕ್ಕೆ ನಮ್ಮಲ್ಲಿ ಸಸ್ತಾ ಎನ್ನುತ್ತಾರೆ, ದುಬಾರಿಗೆ ತುಟ್ಟಿ. ಇಪ್ಪತ್ತು ವರ್ಷ ಆ ತೀರ್ಪು ಬದಲಾಗಲಿಲ್ಲ. ಹುಣಸೆಹಣ್ಣು, ಮೆಂತ್ಯೆ ಸಿವುಡು, ಕುಂಬಾರರ ಗಡಿಗೆ, ಬಳೆ ಇಡಿಸುವ ಕೂಲಿ, ಎಲ್ಲದರಲ್ಲೂ ಜೇವರ್ಗಿ ಸಸ್ತಾ. ಒಮ್ಮೆ ಬೇಸಿಗೆಯಲ್ಲಿ ಸೆಕೆ ತಡೆಯದೆ ನಾನು ಅಂಗಿ ಕಳಚಿ ಕುಳಿತಾಗ, "ಜೇವರ್ಗ್ಯಾಗ ಗಾಳಿನೂ ಪುಕ್ಕಟ ಸಿಗ್ತದ," ಎಂದಳು. "ಇಲ್ಲಿ ರೊಕ್ಕ ತಗೋತಾರೇನ?" ಎಂದರೆ, "ಬೀಸಿದ್ರ ತಾನೇ ತಗೊಳ್ಳಾಕ," ಎಂದಳು.

ನಾನು ಆಳಂದದಲ್ಲಿ ಹುಟ್ಟಿದವನು. ಊರಿನ ಮರ್ಯಾದೆ ಕಾಯುವುದು ನನ್ನ ಪಾಲಿಗೆ ಬಂತು. ದಿನಾ ಎರಡೂ ಕಡೆ ಇಳಿದು ದರ ಕೇಳುವುದು ರೂಢಿಯಾಯಿತು. ಕೊಳ್ಳುವುದಿಲ್ಲ, ಬರೀ ಕೇಳುವುದು. ಜೇವರ್ಗಿಯಲ್ಲಿ ಬಸ್ಸು ನಿಂತ ಕೂಡಲೇ ಕಾಯಿಪಲ್ಲೆಯವರು ದೂರದಿಂದಲೇ ಕೂಗುತ್ತಿದ್ದರು, "ಬಂದ ನೋಡು ಕೇಳಾಂವ!" ದಾರಿಯ ಹಳ್ಳಿಗಳ ಹೆಂಗಸರಿಗೆ ಈ ಸುದ್ದಿ ಹೇಗೋ ಮುಟ್ಟಿತು. ಬಸ್ಸು ಹತ್ತುವಾಗಲೇ, "ಅಣ್ಣಾ, ಕಲಬುರ್ಗ್ಯಾಗ ಮೆಣಸಿನಕಾಯಿ ಹೆಂಗ?" ಎಂದು ಕೇಳುತ್ತಿದ್ದರು. ದರ ಕೇಳಿಕೊಂಡು, ಇವತ್ತು ಮಾರಿದರೆ ಗಿಟ್ಟುವುದಿಲ್ಲ ಎಂದು ಗಂಟಿನ ಸಮೇತ ಇಳಿದು ಹೋದವರೂ ಇದ್ದಾರೆ. ಟಿಕೀಟು ಹರಿದಾಗಿರುತ್ತಿತ್ತು. ಅದರ ಜಗಳ ಬೇರೆ.

ನಮ್ಮ ಮನೆಯ ವ್ಯಾಜ್ಯಕ್ಕೆ ಅಫಜಲಪುರವೇ ಪಂಚರು. ಅದು ಅವಳ ಊರಲ್ಲ, ನನ್ನ ಊರಲ್ಲ. ಆಳಂದದ ದರ ನಾನು ಹೇಳಿದರೆ ಅವಳು ನಂಬುತ್ತಿರಲಿಲ್ಲ. ಜೇವರ್ಗಿಯದು ಅವಳು ಹೇಳಿದರೆ ನಾನು ನಂಬುತ್ತಿರಲಿಲ್ಲ. "ಅಫಜಲಪುರದಾಗ ಹೆಂಗದ ಹೇಳ್ರಿ, ನೋಡಮು," ಎನ್ನುತ್ತಿದ್ದಳು. ಅಲ್ಲಿಯದು ಯಾವ ಊರಿನ ದರಕ್ಕೆ ಸಮೀಪವೋ ಆ ಊರು ಗೆದ್ದಂತೆ. ಒಮ್ಮೆ ನಾನು ಗಾಣಗಾಪುರದ ತೆಂಗಿನಕಾಯಿ ದರ ತಂದು ವಾದ ಮಾಡಲು ಹೋದೆ. ಅವಳು ಒಪ್ಪಲಿಲ್ಲ. "ಅಲ್ಲಿ ಕೊಳ್ಳಾವ್ರು ಗಿರಾಕಿ ಅಲ್ರಿ, ಭಕ್ತರು. ದೇವರ ಮುಂದ ನಿಂತಾಂವ ಚೌಕಾಶಿ ಮಾಡ್ತಾನೇನು? ಆ ದರ ಲೆಕ್ಕಕ್ಕಿಲ್ಲ." ಕಿರಾಣಿಯವನ ಮಗಳ ಬುದ್ಧಿಗೆ ನಾನು ತಲೆಬಾಗಿದೆ. ಮಾದನಹಿಪ್ಪರಗಾದ ಜೋಳ ಮಾತ್ರ ಆಳಂದದ ಕಡೆಯ ಒಂದೇ ಗೆಲುವು. ಆ ರೊಟ್ಟಿ ತಿನ್ನುವಾಗ ಅವಳು ದರದ ಮಾತು ಎತ್ತುತ್ತಿರಲಿಲ್ಲ. ಸುಮ್ಮನೆ ಇನ್ನೊಂದು ಬಡಿಯುತ್ತಿದ್ದಳು.

ಒಂದು ದಿನ ನನಗೆ ಜೇವರ್ಗಿಯ ಗುಟ್ಟು ತಿಳಿಯಿತು. ಬಸ್ಸು ನಿಂತ ಹೊತ್ತಿನಲ್ಲಿ ಮಾವನ ಅಂಗಡಿಗೆ ಹೋಗಿ ಕುಳಿತಿದ್ದೆ. ಒಬ್ಬ ಗಿರಾಕಿ ಬೆಲ್ಲ ಕೇಳಿದ. ಮಾವ ಹೇಳಿದ ದರ ಕೇಳಿ ನಾನು ಬೆಚ್ಚಿದೆ. ಹಿಂದಿನ ವಾರ ಅದೇ ಬೆಲ್ಲವನ್ನು ಗುರುಬಾಯಿ ಅದೇ ಅಂಗಡಿಯಿಂದ ಕಿಲೋಕ್ಕೆ ಬಾರಾಣೆ, ಅಂದರೆ ಮುಕ್ಕಾಲು ರೂಪಾಯಿ, ಕಡಿಮೆಗೆ ತಂದು, ನನ್ನ ಮೂಗಿನ ಮುಂದೆ ಹಿಡಿದು, 'ನೋಡ್ರಿ' ಎಂದಿದ್ದಳು. ನಾನು ಬೆಚ್ಚಿದ್ದನ್ನು ಮಾವ ನೋಡಿದರು. ಗಿರಾಕಿ ಹೋದ ಮೇಲೆ ಹೆಗಲ ಮೇಲಿನ ಟಾವೆಲಿನಿಂದ ಮುಖ ಒರೆಸಿಕೊಂಡು ಹೇಳಿದರು:

"ಅಳಿಯಾರ, ಇದು ಆಕಿಗಿ ಹೇಳಬ್ಯಾಡ್ರಿ. ಮಗಳಿಗಿ ಪುಕ್ಕಟ ಕೊಟ್ರ ಆಕಿ ಮುಟ್ಟಂಗಿಲ್ಲ, ನಿಮ್ಮ ಮರ್ಯಾದಿ ಹೋಗ್ತದ ಅಂತಾಳ. ಅದಕ ಸಸ್ತಾ ಆಗ್ಯದವ್ವಾ ಅಂತ ಹೇಳ್ತೇನಿ."

ಜೇವರ್ಗಿ ಸಸ್ತಾ ಇದ್ದದ್ದು ಹಾಗೆ. ಅದು ಊರಿನ ದರ ಆಗಿರಲಿಲ್ಲ, ಅಪ್ಪನ ದರವಾಗಿತ್ತು. ನಾನು ಹೇಳಲಿಲ್ಲ. ಆ ಸಂಜೆ ಅವಳು ಮತ್ತೆ ಬೆಲ್ಲದ ಮಾತು ತೆಗೆದಾಗ, "ಖರೆ ಅದ ಬಿಡು. ಬೆಲ್ಲದಾಗ ನಿಮ್ಮೂರಿಗಿ ಸರಿ ಯಾವುದಿಲ್ಲ," ಎಂದೆ. ಅಷ್ಟು ಸುಲಭವಾಗಿ ಸೋತದ್ದು ಕಂಡು ಅವಳಿಗೆ ಗಾಬರಿಯಾಗಿ ನನ್ನ ಹಣೆ ಮುಟ್ಟಿ ನೋಡಿದಳು.

ಮಾವ ತೀರಿಕೊಂಡ ಮೇಲೆ ಅಂಗಡಿ ಅವಳ ತಮ್ಮನ ಕೈಗೆ ಬಂತು. ಅವನು ಕೆಟ್ಟವನಲ್ಲ, ಸಂಸಾರಸ್ಥ. ಎಲ್ಲರಿಗೆ ಹಚ್ಚುವ ದರವನ್ನೇ ಅಕ್ಕನಿಗೂ ಹಚ್ಚಿದ. ಗುರುಬಾಯಿ ಅದನ್ನು ನನಗೆ ಹೇಳಲಿಲ್ಲ. ಹಳೆಯ ಧಾಟಿಯಲ್ಲೇ 'ಜೇವರ್ಗಿ ಸಸ್ತಾ' ಎನ್ನುತ್ತಿದ್ದಳು, ಆದರೆ ಅಂಕಿ ಹೇಳುವುದನ್ನು ಬಿಟ್ಟಳು. ನಾನೂ ಕೇಳುವುದನ್ನು ಬಿಟ್ಟೆ.

ಇನ್ನು ಸುತ್ತಲು ಹಳ್ಳಿ ಉಳಿದಿಲ್ಲ. ಹೇಳುತ್ತೇನೆ.

ಮಾವ ಹೋಗಿ ಮೂರು ವರ್ಷಕ್ಕೆ ಅತ್ತೆಗೆ ಲಕ್ವಾ ಹೊಡೆಯಿತು. ಎಡಗೈ, ಎಡಗಾಲು ಬಿದ್ದುಹೋದವು. ಮಾತು ತೊದಲಿತು. ತಮ್ಮನ ಹೆಂಡತಿ ಮಾಡುತ್ತಿದ್ದಳು, ಆದರೆ ಅವಳಿಗೆ ಮೂರು ಸಣ್ಣ ಮಕ್ಕಳು. ಗುರುಬಾಯಿ ಗುರುವಾರಕ್ಕೊಮ್ಮೆ ನನ್ನ ಬಸ್ಸಿನಲ್ಲೇ ಹೋಗಿ, ಅವ್ವನಿಗೆ ಎರೆದು, ತಲೆ ಹಿಕ್ಕಿ, ತುತ್ತು ಉಣಿಸಿ, ಸಂಜೆಯ ಬಸ್ಸಿಗೆ ಬರುತ್ತಿದ್ದಳು. ಅದೇ ಸಮಯಕ್ಕೆ ಜೇವರ್ಗಿಯಿಂದ ಬೆಳಿಗ್ಗೆ ಹೊರಡುವ ಗಾಡಿಗೆ ಒಬ್ಬ ಕಂಡಕ್ಟರ್ ಬೇಕಾಗಿದ್ದ. ಆ ಊರಿನಲ್ಲೇ ಮನೆ ಮಾಡಿಕೊಂಡು ಇರಬೇಕು. ಕೇಳಿದರೆ ನನಗೆ ಸಿಗುತ್ತಿತ್ತು. ಮಗಳು ಮಹಾನಂದಾ ಆಗ ಮೂರನೆಯ ಇಯತ್ತೆ, ಶಾಲೆ ಎಲ್ಲಿಯಾದರೂ ಒಂದೇ.

ಗುರುಬಾಯಿ ಹಟ ಮಾಡಲಿಲ್ಲ. ರೊಟ್ಟಿ ಬಡಿಯುತ್ತ ಒಂದೇ ಮಾತು ಹೇಳಿದಳು. "ಅವ್ವನ ಮನಿ ಹಿಂದಿನ ಓಣ್ಯಾಗ ಕಾಶೀಬಾಯಿ ಅನ್ನಾಕಿ ಮನಿ ಖಾಲಿ ಅದ ಅಂತ. ನಾ ಒಳಗ ನೋಡಿಲ್ಲ. ಬಾಡಗಿ ಹೆಂಗ ಅಂತ ನೀವ್ ಕೇಳಿಕೊಂಡ ಬರ್ರಿ. ನಮಗ ತಡೆದ್ರ ಹೋಗಮು, ಇಲ್ಲಂದ್ರ ಬ್ಯಾಡ."

ಆಳಂದದಲ್ಲಿ ನಾವು ನಲವತ್ತೈದು ರೂಪಾಯಿ ಬಾಡಿಗೆ ಕೊಡುತ್ತಿದ್ದೆವು.

ಮರುದಿನ ಬಸ್ಸಿನಲ್ಲಿ ಡ್ರೈವರ್ ಮೆಹಬೂಬನಿಗೆ ವಿಷಯ ಹೇಳಿದೆ. ಅವನು ನನ್ನ ಸ್ನೇಹಿತ. ಚೇಷ್ಟೆ ಮಾಡದಿದ್ದರೆ ಅವನಿಗೆ ಗೇರು ಬೀಳುತ್ತಿರಲಿಲ್ಲ.

"ಅರೇ ಭಾಯ್, ಮನಿ ಅಳ್ಯಾ ಆಗ್ತಿ ಏನು?" ಎಂದ. "ಪಸಂದ ಆಯ್ತು ಬಿಡು. ಡ್ಯೂಟಿ ಮುಗಿಸಿ ಭಾವಮೈದನ ಅಂಗಡ್ಯಾಗ ಪುಡಿಕಿ ಕಟ್ಟು. ವರ್ಷಕ್ಕೊಮ್ಮಿ ಹೋದ ಅಳಿಯಗ ಹೋಳಿಗಿ, ದಿನಾ ಕಾಣೋ ಅಳಿಯಗ ತಂಗಳ ರೊಟ್ಟಿ. ನೆನಪಿಟ್ಕೋ ಮತ್ತ."

ಮುಂದಿನ ಸೀಟಿನ ನಾಲ್ಕು ಜನ ನಕ್ಕರು. ನಾನೂ ನಕ್ಕೆ. ಆದರೆ ಜೇವರ್ಗಿ ಬರುವವರೆಗೆ ಆ ಮಾತು ಕಾಲಿಗೆ ಚುಚ್ಚಿದ ಜಾಲಿಯ ಮುಳ್ಳಿನ ಹಾಗೆ ಒಳಗೇ ಇತ್ತು. ನಗಬೇಡಿ. ಈಗ ಬರೆಯುವಾಗ ನನಗೂ ಅದು ಎಷ್ಟು ಸಣ್ಣ ಮಾತು ಎಂದು ಕಾಣುತ್ತದೆ. ಆಗ ನನಗೆ ಮೂವತ್ತೈದರ ಸುಮಾರು. ಹೆಂಡತಿಯ ಊರಿನಲ್ಲಿ ಇರುವ ಗಂಡಸು ಎನಿಸಿಕೊಳ್ಳುವುದು ಆಗ ಬಹಳ ದೊಡ್ಡ ಮಾತಾಗಿತ್ತು. ಆಳಂದದ ಚಹಾದಂಗಡಿಯ ಬೆಂಚಿನ ಮೇಲೆ ನನಗೊಂದು ಜಾಗವಿತ್ತು, ಅದನ್ನೂ ಬಿಡಲು ಮನಸ್ಸಿರಲಿಲ್ಲ.

ಕಾಶೀಬಾಯಿ ಬಾಗಿಲಲ್ಲೇ ಸಿಕ್ಕಳು. ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವಳು, ಹಣೆತುಂಬ ವಿಭೂತಿ. "ಬರ್ರಿ, ಒಳಗ ಬಂದು ನೋಡ್ರಿ," ಎಂದಳು. ನಾನು ಹೊಸ್ತಿಲ ಹೊರಗೇ ನಿಂತೆ. ಒಳಗೆ ಪಡಸಾಲೆಯ ಒಂದು ಮೂಲೆ, ಗೋಡೆಗೆ ತೂಗುಹಾಕಿದ ಒಂದು ಮೊರ ಕಾಣುತ್ತಿತ್ತು, ಅಷ್ಟೇ. ಒಳಗೆ ಹೋದರೆ ಮನೆ ಹಿಡಿಸಿಬಿಟ್ಟೀತು ಎಂದು ಹೆದರಿಕೆ. ಬಾಡಿಗೆ ಕೇಳಿದೆ. ಅರವತ್ತು ಎಂದಳು. ಬಸ್ಸಿನ ನೆವ ಹೇಳಿ ತಿರುಗಿದೆ.

ಮನೆಗೆ ಬಂದು ಗುರುಬಾಯಿಗೆ ಹೇಳಿದೆ: "ನೂರು ಅಂತಾಳ."

ಅವಳು ಕೈಯಲ್ಲಿದ್ದ ಹಿಟ್ಟನ್ನು ಹಾಗೇ ಹಿಡಿದು ಕುಳಿತಳು. "ನೂರಾ? ಜೇವರ್ಗ್ಯಾಗ?"

"ಹೌದು. ಎರಡು ಸಲ ಕೇಳ್ದೆ."

ಅರವತ್ತಾದರೆ ನಮಗೆ ತಡೆಯುತ್ತಿತ್ತು. ನೂರು ತಡೆಯುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಅವಳು ಜಗಳಾಡಿದ್ದರೆ, 'ನಾ ಹೋಗಿ ಕೇಳ್ತೇನಿ' ಎಂದಿದ್ದರೆ, ನಾನು ಸಿಕ್ಕಿಬೀಳುತ್ತಿದ್ದೆ. ಅವಳು ಕೇಳಲಿಲ್ಲ. ಗಂಡ ತಂದ ದರ ಎಂದು ನಂಬಿದಳು. ಒಂದು ಕಾಳುಮೆಣಸಿನ ದರಕ್ಕೂ ನನ್ನ ಮಾತು ನಂಬದವಳು ಇದನ್ನು ನಂಬಿದಳು. ಮತ್ತೆ ರೊಟ್ಟಿ ಬಡಿಯುತ್ತ ಹೇಳಿದಳು, "ನಮ್ಮೂರೂ ತುಟ್ಟಿ ಆಗ್ಯದಲ್ರಿ." ಜೇವರ್ಗಿ ಸೋತದ್ದು ಅದೇ ಮೊದಲು, ಅದೂ ಕಳ್ಳ ತಕ್ಕಡಿಯಲ್ಲಿ.

ಅವಳು ಗುರುವಾರದ ಬಸ್ಸು ಬಿಡಲಿಲ್ಲ. ಅತ್ತೆ ತೀರಿಕೊಂಡದ್ದು ಒಂದು ಸೋಮವಾರ. ಬೇನೆ ಜೋರಾಗಿದೆ ಎಂದು ಸುದ್ದಿ ಬಂದು, ಬಸ್ಸು ಹಿಡಿದು, ಕಲಬುರ್ಗಿಯಲ್ಲಿ ಬಸ್ಸು ಬದಲಿಸಿ ನಾವು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಮ್ಮನ ಹೆಂಡತಿ ಅಳುತ್ತ, "ಮುಂಜಾನಿಂದ ಗುರೂ, ಗುರೂ ಅನ್ಲಾಕತ್ತಿದ್ರು," ಎಂದಳು. ಹಿಂದಿನ ಓಣಿಯಿಂದ ಬರಲು ಎರಡು ನಿಮಿಷ ಸಾಕು. ಅರವತ್ತಕ್ಕೆ ನಾವು ಅಲ್ಲಿ ಇರಬಹುದಿತ್ತು ಎಂಬುದು ನನಗೊಬ್ಬನಿಗೇ ಗೊತ್ತಿತ್ತು.

ಆಮೇಲೆ ಹತ್ತು ವರ್ಷ ಕಳೆದವು. ಮಹಾನಂದಾಳ ಮದುವೆಯಾಗಿ ಅವಳು ಕಲಬುರ್ಗಿ ಸೇರಿದಳು. ಗುರುಬಾಯಿ ಮತ್ತೆ ನಿಧಾನಕ್ಕೆ ಮೊದಲಿನಂತಾದಳು. ಮತ್ತೆ ಜೇವರ್ಗಿ ಗೆಲ್ಲತೊಡಗಿತು, ನಾನು ಸಂತೋಷದಿಂದ ಸೋಲತೊಡಗಿದೆ. ಹೋದ ವರ್ಷ ಅವಳ ಹೊಟ್ಟೆಯಲ್ಲಿ ಗಡ್ಡೆಯಾಯಿತು. ಕಲಬುರ್ಗಿಯ ದವಾಖಾನೆಯಲ್ಲಿ ಡಾಕ್ಟರರು ನನ್ನನ್ನು ಹೊರಗೆ ಕರೆದು, ಇನ್ನು ಹೆಚ್ಚು ದಿನ ಇಲ್ಲ ಎಂದರು. ಅವಳಿಗೆ ಅದನ್ನು ಯಾರೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಒಂದು ಮಧ್ಯಾಹ್ನ ಮೋಸಂಬಿ ಸುಲಿದು ತೊಳೆ ಬಿಡಿಸಿ ಕೊಡುತ್ತಿದ್ದೆ. "ಹೆಂಗ ತಂದ್ರಿ?" ಎಂದಳು. ಹೇಳಿದೆ. "ಜೇವರ್ಗ್ಯಾಗ ಆಗಿದ್ರ..." ಎಂದು ಶುರು ಮಾಡಿ ಉಸಿರು ಸಾಲದೆ ನಿಲ್ಲಿಸಿದಳು. ನನಗೆ ತಡೆಯಲಾಗಲಿಲ್ಲ.

"ಗುರೂ, ಕಾಶೀಬಾಯಿ ಮನಿ ಬಾಡಗಿ ನೂರಲ್ಲ. ಅರವತ್ತಿತ್ತು. ನಾ ಸುಳ್ಳ ಹೇಳಿದ್ದೆ."

ಅವಳು ಬಾಯಲ್ಲಿದ್ದ ತೊಳೆಯನ್ನು ಅಗಿಯುವುದು ನಿಲ್ಲಿಸಿದಳು. "ಯಾಕ?"

"ಮನಿ ಅಳಿಯಾ ಅಂತಾರಂತ."

"ಯಾರು?"

"ಮೆಹಬೂಬ."

"ಅಂವ ಅಂದಾ, ನೀವ್ ಕೇಳಿದ್ರಿ," ಎಂದಳು. ಆಮೇಲೆ, "ನಮ್ಮವ್ವ ಹೋಗಾಗ ನಾ ಬಸ್ಸಿನಾಗಿದ್ದೆ," ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಆ ದಿನ ಮಗಳು ಬುತ್ತಿ ತಂದರೆ ಅವಳ ಕೈಯಿಂದ ಉಂಡಳು, ನನ್ನ ಕೈಯಿಂದ ನೀರು ಕೂಡ ಮುಟ್ಟಲಿಲ್ಲ. ಸಾಯುವವಳ ಮುಂದೆ ನನ್ನ ಎದೆ ಹಗುರ ಮಾಡಿಕೊಳ್ಳಲು ಹೋದೆನಲ್ಲ ಎಂದು ನಾನು ವರಾಂಡದ ಕಟ್ಟೆಯ ಮೇಲೆ ಕುಳಿತಿದ್ದೆ.

ಮರುದಿನ ನಾನು ಮಂಚದ ಹತ್ತಿರ ಹೋಗಿ ನಿಂತಾಗ ಅವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು:

"ನಳ ಅಂಗಳದಾಗಿತ್ತೇನು, ಓಣ್ಯಾಗಿತ್ತೇನು?"

ಕಾಶೀಬಾಯಿಯ ಮನೆಯ ನಳ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

"ಅಂಗಳದಾಗೇ," ಎಂದೆ.

"ಖೋಲಿ ಎಷ್ಟು?"

"ಪಡಸಾಲಿ ಒಂದು, ನಡುಮನಿ ಒಂದು, ಅಡಗಿಮನಿ."

"ದೇವರ ಜಗಲಿ?"

"ಅದ. ನಡುಮನ್ಯಾಗ, ಮೂಡಣ ಗ್ವಾಡಿಗಿ."

ನಾನು ಹೊಸ್ತಿಲು ದಾಟಿರಲಿಲ್ಲ. ಆ ಮನೆಯಲ್ಲಿ ನಾನು ಕಂಡದ್ದು ಒಂದು ಮೂಲೆ, ಒಂದು ಮೊರ. ಆದರೆ ಇನ್ನೊಮ್ಮೆ 'ಇಲ್ಲ' ಎಂದು ಹೇಳುವ ಬಾಯಿ ನನಗಿರಲಿಲ್ಲ. ಅವಳು ಕೇಳಿದಂತೆ ನಾನು ಕಟ್ಟುತ್ತ ಹೋದೆ. ಅಂಗಳದಲ್ಲಿ ಒಂದು ಬೇವಿನ ಗಿಡ ನೆಟ್ಟೆ. ನಡುಮನೆಗೆ ಎರಡು ಕಂಬ ಕೊಟ್ಟೆ. ಮಾಳಿಗೆಗೆ ಹತ್ತಲು ಒಂದು ನಿಚ್ಚಣಿಕೆ ಇಟ್ಟೆ. ಅವಳು ಸಾಮಾನು ಜೋಡಿಸುತ್ತ ಹೋದಳು. ಜೋಳದ ಚೀಲ ನಡುಮನೆಯ ಕಂಬದ ಹಿಂದೆ. ಬೀಸುಕಲ್ಲು ಹಿತ್ತಲ ಬಾಗಿಲ ಹತ್ತಿರ. ಅವ್ವನ ಮಂಚ ಪಡಸಾಲೆಯಲ್ಲಿ, ಓಣಿ ಕಾಣುವ ಹಾಗೆ. ಅತ್ತೆಯನ್ನು ಅವಳು ನಮ್ಮ ಮನೆಗೇ ತಂದುಬಿಟ್ಟಿದ್ದಳು.

"ಮತ್ತ ನೀವು ಅಲ್ಲಿ ಬಾಗಲದಾಗ ಕುಂತು ಹಲ್ಲ ತಿಕ್ಕಬ್ಯಾಡ್ರಿ," ಎಂದಳು. "ಬೀಗರು ನೋಡ್ತಾರ."

ಹೀಗೆ ಎಂಟು ದಿನ ನಾವು ಜೇವರ್ಗಿಯಲ್ಲಿ ಸಂಸಾರ ಮಾಡಿದೆವು. ಒಮ್ಮೆ ಮಹಾನಂದಾ ಬುತ್ತಿ ಬಿಚ್ಚುತ್ತ ಕೇಳಿದಳು, "ಯಾವ ಮನಿದು ಬೇ ಯವ್ವಾ ಮಾತು?"

"ನಮ್ದು. ಜೇವರ್ಗಿದು."

"ಬಾಡಗಿ ಎಷ್ಟು?"

"ನನಗ ಅರವತ್ತು. ನಿಮ್ಮಪ್ಪಗ ನೂರು."

ಮಗಳಿಗೆ ಅರ್ಥವಾಗಲಿಲ್ಲ. ಗುರುಬಾಯಿ ನಕ್ಕಳು. ನಕ್ಕರೆ ಹೊಟ್ಟೆ ನೋಯುತ್ತಿತ್ತು. ಕೈಯಿಂದ ಹೊಟ್ಟೆ ಒತ್ತಿಕೊಂಡು ನಕ್ಕಳು. ಅವಳು ನನ್ನನ್ನು ಪೂರ್ತಿ ಕ್ಷಮಿಸಿದಳೆಂದು ನಾನು ಹೇಳಲಾರೆ. ಆದರೆ ಆ ಹೊತ್ತಿನಿಂದ ನನ್ನ ಕೈಯ ನೀರು ಕುಡಿದಳು.

ಒಂದು ತಪ್ಪು ಮಾಡಿದೆ. ಅಂಥ ಮನೆ ಅರವತ್ತಕ್ಕೆ ಎಂದರೆ ಕಿರಾಣಿಯವನ ಮಗಳು ಎಷ್ಟು ದಿನ ನಂಬುತ್ತಾಳೆ? "ಇಷ್ಟೆಲ್ಲ ಇದ್ದು ಅರವತ್ತಾ? ಏನರೆ ಐಬು ಇರಬೇಕಲ್ರಿ," ಎಂದಳು ಒಂದು ದಿನ, ಹುಬ್ಬು ಗಂಟಿಕ್ಕಿ. ನಾನು ಗಾಬರಿಯಾಗಿ ಬಾಯಿಗೆ ಬಂದ ಐಬು ಹೇಳಿದೆ: "ಅಡಗಿಮನ್ಯಾಗ ಬೆಳಕಿಂಡಿ ಇಲ್ಲ. ಹೊಗಿ ನಿಲ್ತದ." ನಮ್ಮ ಕಡೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಬೆಳಕು ಬರಲು, ಹೊಗೆ ಹೋಗಲು ಮಾಳಿಗೆಯಲ್ಲಿ ಒಂದು ಕಿಂಡಿ ಬಿಟ್ಟಿರುತ್ತಾರೆ. ಅದಿಲ್ಲದಿದ್ದರೆ ರೊಟ್ಟಿ ಮಾಡುವವಳ ಕಣ್ಣು ಹೋದಂತೆಯೇ.

ಮನೆ ಅಗ್ಗವಾದದ್ದಕ್ಕೆ ಕಾರಣ ಸಿಕ್ಕಿದ್ದು ಅವಳಿಗೆ ಸಮಾಧಾನವಾಯಿತು. ಆದರೆ ಹೊಗೆಯ ಚಿಂತೆ ಹತ್ತಿತು. ಉಳಿದ ಎರಡು ದಿನ ಅದೇ ಮಾತು. "ಕಾಶೀಬಾಯಿಗಿ ಹೇಳಿ ಒಂದು ಬೆಳಕಿಂಡಿ ತೆಗಸ್ರಿ. ಹೇಳ್ತೀರೋ ಇಲ್ಲೋ?"

"ಹೇಳ್ತೇನಿ."

"ನೀವ್ ಹೊರಗ ಹೋದ್ರ ಮರೀತೀರಿ. ಬರೇ ದರ ಕೇಳಿಕೊಂಡ ಬರ್ತೀರಿ."

"ಇಲ್ಲ, ಹೇಳ್ತೇನಿ."

ಎಂಟನೆಯ ದಿನ ಮಧ್ಯಾಹ್ನ, ಮಗಳು ತಲೆ ಹಿಕ್ಕುತ್ತಿರುವಾಗ ಅವಳು ಹೋದಳು.

ಉಳ್ಳಾಗಡ್ಡಿ ತಂದ ಸಂತೆಯ ಮರುದಿನ ನನಗೆ ಜೇವರ್ಗಿಯ ಪಾಳಿ ಇತ್ತು. ವರ್ಷದಿಂದ ಆ ಊರಲ್ಲಿ ಬಸ್ಸಿನಿಂದ ಇಳಿಯುವುದನ್ನೇ ಬಿಟ್ಟಿದ್ದೆ. ಅಂದು ಇಳಿದೆ. ಹಿಂದಿನ ಓಣಿಗೆ ಹೋದೆ. ಕಾಶೀಬಾಯಿಯ ಬೆನ್ನು ಬಾಗಿದೆ, ವಿಭೂತಿ ಹಾಗೇ ಇದೆ. ನನ್ನ ಗುರುತು ಅವಳಿಗೆ ಹತ್ತಲಿಲ್ಲ. ಖಾಕಿ ಅಂಗಿ ನೋಡಿ ಯಾರೋ ಮನೆ ಹುಡುಕುವ ನೌಕರದಾರ ಎಂದುಕೊಂಡಳು.

"ಒಂದು ಮಾತು ಹೇಳೋದಿತ್ತರಿ," ಎಂದೆ. "ನಿಮ್ಮ ಮನಿ ಅಡಗಿಮನ್ಯಾಗ ಒಂದು ಬೆಳಕಿಂಡಿ ತೆಗಸಬೇಕ್ರಿ."

"ಬೆಳಕಿಂಡಿನಾ? ಒಳಗ ಬರ್ರಿ," ಎಂದು ಅವಳು ನನ್ನ ಉತ್ತರಕ್ಕೆ ಕಾಯದೆ ನಡೆದಳು.

ನಾನು ಹೊಸ್ತಿಲು ದಾಟಿದೆ. ನಾನು ಹೇಳಿದ ಅಂಗಳದ ನಳ ಓಣಿಯಲ್ಲಿತ್ತು. ಬೇವಿನ ಗಿಡ ಇರಲಿಲ್ಲ. ನಡುಮನೆಗೆ ಒಂದೇ ಕಂಬ. ಜಗಲಿ ಬೇರೆ ಗೋಡೆಗೆ. ಅಡುಗೆಮನೆಯಲ್ಲಿ ಬಾಡಿಗೆಗೆ ಇರುವ ಹೆಣ್ಣುಮಗಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವಳ ನೆತ್ತಿಯ ಮೇಲೆ ಮಾಳಿಗೆಯಲ್ಲಿ ಒಂದು ಚೌಕದ ಕಿಂಡಿ. ಬಿಸಿಲು ನೇರವಾಗಿ ರೊಟ್ಟಿ ಬಡಿಯುವ ಕೊಮ್ಮೆಯ ಹಿಟ್ಟಿನ ಮೇಲೆ ಬಿದ್ದಿತ್ತು. ಒಲೆಯ ಹೊಗೆ ಎದ್ದು, ಆ ಬೆಳಕಿನಲ್ಲಿ ಒಮ್ಮೆ ತಿರುಗಿ, ಮೇಲಕ್ಕೆ ಹೋಗುತ್ತಿತ್ತು.

"ಮನಿ ಕಟ್ಟಿದಾಗಿಂದ ಅದ ಅಲ್ರಿ ಇದು," ಎಂದಳು ಕಾಶೀಬಾಯಿ. "ಯಾರ ಹೇಳಿದ್ರು ನಿಮಗ ಇಲ್ಲಂತ?"

ನಾನು ಮೇಲೆ ನೋಡುತ್ತ ನಿಂತೆ. ರೊಟ್ಟಿಯವಳು ಕೈ ಒರೆಸಿಕೊಂಡು ಸೆರಗು ಸರಿಮಾಡಿಕೊಂಡಳು. ಅವರು ಮುಂದಿನ ತಿಂಗಳು ಬಿಡುತ್ತಾರಂತೆ. ಹೊಸ ಗಿರಾಕಿ ಎಂದುಕೊಂಡು ಮನೆಯ ಗುಣ ಹೇಳಿದಳು.

"ಮನಿ ಚಲೋ ಅದ್ರಿ ಅಣ್ಣಾರ. ಹೊಗಿ ಒಂದೀಟೂ ನಿಲ್ಲಂಗಿಲ್ಲ. ಆದ್ರ ಗಂಡಸರು ನೋಡಿದ್ರ ಏನ್ ತಿಳೀತದ? ನಿಮ್ಮ ಮನ್ಯಾಗಿನವ್ರಿಗಿ ಒಮ್ಮಿ ಕರಕೊಂಡ ಬರ್ರಿ, ಅವರೂ ನೋಡ್ಲಿ."

"ಅವರು ನೋಡ್ಯಾರವ್ವಾ," ಎಂದೆ. "ಹೊಗಿದೊಂದು ಚಿಂತಿ ಇತ್ತು ಅವರಿಗಿ."